ಶೈಕ್ಷಣಿಕ ಪ್ರವಾಸಕ್ಕೆ ಮಂಗಳೂರು: ಬೀಚ್ ಬಿಟ್ಟು ಬಾಬುಗುಡ್ಡೆಗೆ ಹೋದರೆ ಹೇಗೆ?

ಹಾಸನದ ಸಮಾಜ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಹತ್ತನೇ ತರಗತಿಯಲ್ಲಿ ಸಾಮಾಜಿಕ ಮತ್ತು ಧಾರ್ಮಿಕ ಸುಧಾರಣಾ ಚಳವಳಿಗಳ ಪಾಠ ಬರುತ್ತದಲ್ಲ, ಅದನ್ನು ಮಕ್ಕಳು ಓದುವ ರೀತಿ ನನಗೆ ಬಹಳ ದಿನದಿಂದ ಸಂಕಟ ಕೊಡುತ್ತಿದೆ. ಬ್ರಹ್ಮ ಸಮಾಜ, ರಾಜಾರಾಮ್ ಮೋಹನ್ ರಾಯ್, 1828. ಸತ್ಯಶೋಧಕ ಸಮಾಜ, ಜ್ಯೋತಿಬಾ ಫುಲೆ, 1873. ಹೊಂದಿಸಿ ಬರೆಯಿರಿ ಅಂದರೆ ಥಟ್ಟನೆ ಬರೆಯುತ್ತಾರೆ. ಆದರೆ ಇವರೆಲ್ಲ ಯಾರ ಜೊತೆ ಜಗಳ ಆಡಿದರು, ಯಾಕೆ ಆಡಿದರು, ಆಡಿದ್ದಕ್ಕೆ ಏನು ಕಳೆದುಕೊಂಡರು ಅಂತ ಕೇಳಿದರೆ ತರಗತಿ ತಣ್ಣಗಾಗುತ್ತದೆ.

ಪ್ರತಿ ವರ್ಷ ನಮ್ಮ ಶಾಲೆಯ ಪ್ರವಾಸ ಧರ್ಮಸ್ಥಳ, ಸುಬ್ರಹ್ಮಣ್ಯ, ಕೊನೆಗೆ ಮಂಗಳೂರಿನ ಬೀಚ್. ಮಕ್ಕಳಿಗೆ ಸಮುದ್ರ ನೋಡುವ ಆಸೆ ಸಹಜ, ಅದನ್ನು ತಪ್ಪಿಸುವ ಮನಸ್ಸು ನನಗಿಲ್ಲ. ಆದರೆ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಊರು ಅದು. ನಾರಾಯಣ ಗುರುಗಳು ಲಿಂಗ ಪ್ರತಿಷ್ಠೆ ಮಾಡಿದ ಕುದ್ರೋಳಿ ದೇವಸ್ಥಾನ ಅಲ್ಲಿದೆ. ಬಾಲವಿಧವೆಯಾಗಿ, ಮರುಮದುವೆಯಾಗಿ, 1926ರಲ್ಲೇ ಮದರಾಸು ಶಾಸನಸಭೆಗೆ ಚುನಾವಣೆಗೆ ನಿಂತ ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು ಅಲ್ಲೇ. ಬಸ್ಸು ಇದೆಲ್ಲದರ ಪಕ್ಕದಲ್ಲೇ ಹಾದು ಬೀಚಿಗೆ ಹೋಗುತ್ತದೆ. ಈ ಸಲ ಅರ್ಧ ದಿನ ಬೇರೆ ತರಹ ನೋಡೋಣ ಅಂದುಕೊಂಡಿದ್ದೇನೆ. ಮಂಗಳೂರಿನವರು, ಇಂಥ ಪ್ರವಾಸ ಮಾಡಿಸಿದವರು ದಯವಿಟ್ಟು ಹೇಳಿ: ಎಲ್ಲಿಂದ ಶುರು ಮಾಡಲಿ, ಏನು ತೋರಿಸಲಿ?

ಮಂಗಳೂರಿನವ, ಉರ್ವಾ

ಮೇಡಂ, ಓದಿ ಬಹಳ ಖುಷಿಯಾಯಿತು. ನಮ್ಮ ಊರಿನ ಮಕ್ಕಳಿಗೇ ಇದು ಸರಿಯಾಗಿ ಗೊತ್ತಿಲ್ಲ.

ಬಾಬುಗುಡ್ಡೆಯಲ್ಲಿರುವ ರಂಗರಾಯರ ಸಮಾಧಿಯಿಂದಲೇ ಶುರು ಮಾಡಿ. ದೊಡ್ಡ ಸ್ಮಾರಕ ಅಂತ ಕಲ್ಪಿಸಿಕೊಂಡು ಬರಬೇಡಿ. ಅಲ್ಲಿ ಓದಬೇಕಾದ್ದು ಕಲ್ಲಿನ ಮೇಲಿನ ಬರಹ. ಅದರ ಭಾವ ಇದು: ದಲಿತರ ಮಗು ಓದಿ ದೊಡ್ಡ ಹುದ್ದೆಗೆ ಹೋಗಿ ನಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ನನ್ನ ತಲೆಗೆ ತಾಗಿದರೆ ನನ್ನ ಜನ್ಮ ಸಾರ್ಥಕ. ಒಬ್ಬ ಹುಡುಗನ ಕೈಲಿ ಗಟ್ಟಿಯಾಗಿ ಓದಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಆ ಕಾಲದಲ್ಲಿ ಕಾರು ಯಾರ ಹತ್ತಿರ ಇತ್ತು, ಆ ರಸ್ತೆಯಲ್ಲಿ ನಡೆಯುವ ಹಕ್ಕು ಯಾರಿಗೆ ಇರಲಿಲ್ಲ? ಅಲ್ಲಿಂದ ಮುಂದೆ ನೀವು ಪಾಠ ಮಾಡುವ ಅಗತ್ಯವೇ ಬರುವುದಿಲ್ಲ, ಮಕ್ಕಳೇ ಕೇಳುತ್ತಾ ಹೋಗುತ್ತಾರೆ.

ರಂಗರಾಯರು 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು, ಇಲ್ಲಿ ವಕೀಲರಾಗಿದ್ದರು. 1892ರಲ್ಲಿ ನಮ್ಮ ಉರ್ವಾ ಚಿಲಿಂಬಿಯಲ್ಲಿ, ಆಗ ಪಂಚಮರು ಅಂತ ಕರೆಯುತ್ತಿದ್ದ ಜನರ ಮಕ್ಕಳಿಗಾಗಿ ಶಾಲೆ ತೆರೆದರು. ಮೇಲ್ಜಾತಿಯವರ ವಿರೋಧಕ್ಕೆ ಶಾಲೆಯ ಜಾಗ ಬದಲಿಸಬೇಕಾಯಿತು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಬಿಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆ ಅಂದರೆ ಬರೀ ಅಕ್ಷರ ಅಲ್ಲ, ಮಧ್ಯಾಹ್ನದ ಊಟ ಇತ್ತು, ನೇಯ್ಗೆ ಮತ್ತು ಮರಗೆಲಸ ಕಲಿಸುವ ವ್ಯವಸ್ಥೆ ಇತ್ತು. ಇವತ್ತು ನಿಮ್ಮ ಶಾಲೆಯ ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರಲ್ಲ, ಅವರಿಗೆ ಇದನ್ನು ಹೇಳಿ ನೋಡಿ.

ತಾನು ಸತ್ತ ಮೇಲೆ ಊರಿನ ಕೊಳೆ ತೆಗೆಯುವ ತೋಟಿಗಳೇ ತನ್ನ ಹೆಣ ಹೊರಬೇಕು ಅಂತ ಅವರು ಬಯಸಿದ್ದರು. 1928ರ ಜನವರಿ 30ರಂದು ತೀರಿಕೊಂಡಾಗ ಹಾಗೇ ಆಯಿತು. ಯಾವುದೇ ಭಾಷಣಕ್ಕಿಂತ ಈ ಒಂದು ಸಂಗತಿ ಹದಿನೈದು ವರ್ಷದ ಮಗುವಿಗೆ ಬೇಗ ತಲುಪುತ್ತದೆ ಅನ್ನುವುದು ನನ್ನ ಅನುಭವ, ನನ್ನ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದ್ದೇನೆ.

ಅಲ್ಲಿಂದ ಪುರಭವನಕ್ಕೆ ಬನ್ನಿ, ಕ್ಲಾಕ್ ಟವರ್ ಹತ್ತಿರ. ಕಟ್ಟಡಕ್ಕೆ ಅವರದೇ ಹೆಸರು. ಅಷ್ಟು ತೋರಿಸಿ ಹೊರಡಿ, ಒಳಗೆ ನೋಡುವಂಥದ್ದು ಹೆಚ್ಚಿಲ್ಲ.

ಒಬ್ಬ ಪೋಷಕ, ತುಮಕೂರು

ಮೇಡಂ ಉದ್ದೇಶ ಒಳ್ಳೆಯದೇ. ಆದರೆ ಎರಡು ಮಾತು ಹೇಳಲೇಬೇಕು. ವರ್ಷಕ್ಕೊಂದು ಸಲ ಮಕ್ಕಳು ಊರು ಬಿಟ್ಟು ಹೊರಗೆ ಹೋಗುತ್ತಾರೆ. ಎಷ್ಟೋ ಮನೆಯಲ್ಲಿ ಸಾಲ ಮಾಡಿ ದುಡ್ಡು ಕೊಟ್ಟು ಕಳಿಸುತ್ತಾರೆ. ಅವರನ್ನು ಸಮಾಧಿ ಮುಂದೆ ನಿಲ್ಲಿಸಿ ಜಾತಿ ವಿಷಯ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಇಲ್ಲದ್ದನ್ನು ನಾವೇ ಹಾಕಿದ ಹಾಗಾಗುವುದಿಲ್ಲವೇ? ಈಗಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ತಿನ್ನುತ್ತಾರೆ. ನನ್ನ ಮಗಳಿಗೆ ಗೆಳತಿಯರ ಜಾತಿ ಯಾವುದು ಅಂತಲೇ ಗೊತ್ತಿಲ್ಲ. ಹಾಗೇ ಇರಲಿ ಅನ್ನುವ ಆಸೆ ನನ್ನದು.

ಹಾಸ್ಟೆಲ್‌ನಲ್ಲಿ ಓದಿದವನು, ಚಾಮರಾಜನಗರ

ಅಣ್ಣಾ, ನಿಮ್ಮ ಆಸೆ ಒಳ್ಳೆಯದು. ನಿಮ್ಮ ಮಗಳಿಗೆ ಗೊತ್ತಿಲ್ಲದೆ ಇರಬಹುದು. ಆದರೆ ಅವಳ ಪಕ್ಕದಲ್ಲಿ ಕೂತ ಹುಡುಗಿಗೆ ತನ್ನ ಜಾತಿ ಚೆನ್ನಾಗಿ ಗೊತ್ತಿರುತ್ತದೆ. ಸ್ಕಾಲರ್‌ಶಿಪ್ ಅರ್ಜಿ ತುಂಬುವ ದಿನ ಹೆಸರು ಕರೆದು ನಿಲ್ಲಿಸುತ್ತಾರಲ್ಲ, ಆ ದಿನದಿಂದ ಗೊತ್ತಿರುತ್ತದೆ. ಮನೆ ಬಾಡಿಗೆಗೆ ಹುಡುಕುವಾಗ ಅಪ್ಪ ಅಮ್ಮ ಪಿಸುಗುಟ್ಟುವುದು ಕೇಳಿದ ದಿನದಿಂದ ಗೊತ್ತಿರುತ್ತದೆ. ಇಲ್ಲದ್ದನ್ನು ಮೇಡಂ ಹಾಕುತ್ತಿಲ್ಲ. ಇರುವುದನ್ನು ನಾಲ್ಕು ಜನರ ಎದುರು, ನಾಚಿಕೆ ಇಲ್ಲದೆ, ಇತಿಹಾಸವಾಗಿ ಮಾತಾಡುವ ದಾರಿ ಮಾಡುತ್ತಿದ್ದಾರೆ.

ಆದರೆ ಮೇಡಂ, ನಿಮಗೂ ಎರಡು ವಿನಂತಿ ಇದೆ, ಇದು ನನ್ನ ಹೊಟ್ಟೆಯೊಳಗಿನ ಮಾತು.

ಅಂಥ ಜಾಗದಲ್ಲಿ ಯಾವ ಮಗುವಿನ ಕಡೆಗೂ ಎಲ್ಲರೂ ತಿರುಗಿ ನೋಡುವ ಹಾಗೆ ಮಾಡಬೇಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಇಂಥದೇ ಒಂದು ಪ್ರವಾಸದಲ್ಲಿ ಮೇಷ್ಟ್ರು, ಇವರಂಥ ಮಕ್ಕಳಿಗಾಗಿಯೇ ಇದನ್ನೆಲ್ಲ ಮಾಡಿದ್ದು ಅಂತ ನಮ್ಮನ್ನು ಕೈ ತೋರಿಸಿ ಹೇಳಿದರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಬಸ್ಸು ಹತ್ತುವಾಗ ನಾವು ಹಿಂದಿನ ಸೀಟಿಗೆ ಹೋಗಿ ಕೂತೆವು, ಇಡೀ ದಾರಿ ಮಾತಾಡಲಿಲ್ಲ. ಸಮುದ್ರ ಹೇಗಿತ್ತು ಅಂತ ಕೇಳಿದರೆ ನನಗೆ ಇವತ್ತಿಗೂ ಸರಿಯಾಗಿ ನೆನಪಿಗೆ ಬರುವುದಿಲ್ಲ.

ಇನ್ನೊಂದು, ಇದು ಇನ್ನೂ ಮುಖ್ಯ. ರಂಗರಾಯರನ್ನು ನಾನು ಕೈ ಮುಗಿದು ಗೌರವಿಸುತ್ತೇನೆ. ಆದರೆ ಆ ಕಥೆಯೊಂದನ್ನೇ ಹೇಳಿದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಇಷ್ಟೇ: ದೊಡ್ಡವರೊಬ್ಬರು ಕೊಟ್ಟರು, ಬಡವರು ತೆಗೆದುಕೊಂಡರು. ಚಿಲಿಂಬಿಯ ಶಾಲೆಗೆ ಮಗುವನ್ನು ಕಳಿಸಿದ ತಾಯಿ ತಂದೆಯರ ಬಗ್ಗೆ ಯೋಚಿಸಿ. ಒಡೆಯನ ಗದ್ದೆಯಲ್ಲಿ ಕೂಲಿ ಮಾಡುತ್ತಾ, ಅವನ ಕಣ್ಣೆದುರೇ ಮಗನನ್ನು ಶಾಲೆಗೆ ಕಳಿಸುವುದು ಎಂಥ ಎದೆಗಾರಿಕೆಯ ಕೆಲಸ! ಅವರ ಹೆಸರಿನ ಕಲ್ಲು ಎಲ್ಲೂ ಇಲ್ಲ. ಅವರನ್ನೂ ಮಾತಿಗೆ ತನ್ನಿ. ಅದಕ್ಕೇ ಬಾಬುಗುಡ್ಡೆ ಮತ್ತು ಕುದ್ರೋಳಿ ಎರಡನ್ನೂ ಒಂದೇ ದಿನ ತೋರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಕಡೆ ಮೇಲಿನವನೊಬ್ಬ ಇಳಿದು ಬಂದ. ಇನ್ನೊಂದು ಕಡೆ, ಬೇರೆಯವರ ಗುಡಿಯ ಒಳಗೆ ಬಿಡದಿದ್ದಾಗ ಒಂದು ಸಮುದಾಯ ತಾನೇ ಎದ್ದು ನಿಂತು ತನ್ನ ಗುಡಿ ಕಟ್ಟಿಕೊಂಡಿತು. ಎರಡೂ ಸುಧಾರಣೆಯೇ, ಆದರೆ ಎರಡೂ ಒಂದೇ ಅಲ್ಲ.

ಒಬ್ಬ ಪೋಷಕ, ತುಮಕೂರು

ತಮ್ಮಾ, ಸ್ಕಾಲರ್‌ಶಿಪ್ ಅರ್ಜಿಯ ಮಾತು ನನಗೆ ಹೊಳೆದಿರಲಿಲ್ಲ. ಯೋಚನೆ ಮಾಡುತ್ತೇನೆ. ಮಕ್ಕಳಿಗೆ ಸಮುದ್ರವೂ ಇರಲಿ ಅನ್ನುವ ನನ್ನ ಮಾತು ಮಾತ್ರ ಉಳಿಯಲಿ.

ಮಂಗಳೂರಿನವ, ಉರ್ವಾ

ಚಾಮರಾಜನಗರದ ಸಹೋದರರು ಹೇಳಿದ್ದು ನೂರಕ್ಕೆ ನೂರು ಸರಿ. ಕುದ್ರೋಳಿ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಬಿಲ್ಲವರು ಇಲ್ಲಿ ದೊಡ್ಡ ಸಮುದಾಯ. ಶೇಂದಿ ಇಳಿಸುವ ಮೂರ್ತೆ ಹಲವರ ಕಸುಬು. ದೇವಸ್ಥಾನಗಳ ಒಳಗೆ ಪ್ರವೇಶ ಇರಲಿಲ್ಲ. ಕೇರಳದಲ್ಲಿ 1888ರಲ್ಲಿ ಅರುವಿಪ್ಪುರದಲ್ಲಿ ನಾರಾಯಣ ಗುರುಗಳು ಶಿವನನ್ನು ಪ್ರತಿಷ್ಠೆ ಮಾಡಿದ ಸುದ್ದಿ ಕೇಳಿ ಇಲ್ಲಿನ ಮುಖಂಡರು ಹೋಗಿ ಅವರನ್ನು ಕರೆತಂದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಆಯಿತು. ರಂಗರಾಯರು ತೀರಿಕೊಂಡ 1928ರಲ್ಲೇ ಸೆಪ್ಟೆಂಬರಿನಲ್ಲಿ ಗುರುಗಳೂ ತೀರಿಕೊಂಡರು. ಒಂದೇ ಊರಲ್ಲಿ, ಒಂದೇ ತಲೆಮಾರಿನಲ್ಲಿ ಎರಡು ದಾರಿ ನಡೆಯುತ್ತಿದ್ದವು ಅಂತ ಮಕ್ಕಳಿಗೆ ಕಾಣುತ್ತದೆ.

ಒಂದು ಎಚ್ಚರಿಕೆ. ಈಗಿನ ಕುದ್ರೋಳಿ 1991ರಲ್ಲಿ ಜೀರ್ಣೋದ್ಧಾರ ಆದದ್ದು. ಚಿನ್ನದ ಬಣ್ಣದ ಗೋಪುರ, ಕಾರಂಜಿ, ದಸರಾ ಮೆರವಣಿಗೆ. ಮಕ್ಕಳು ಫೋಟೋ ತೆಗೆಯುವುದರಲ್ಲಿ ಮುಳುಗಿಬಿಡುತ್ತಾರೆ. ಅದು ತಪ್ಪಲ್ಲ, ಆ ವೈಭವವೂ ಒಂದು ಉತ್ತರವೇ: ಒಳಗೆ ಬಿಡದವರ ಎದುರು ಇಷ್ಟು ದೊಡ್ಡದಾಗಿ ಕಟ್ಟಿದ್ದೇವೆ ಅನ್ನುವ ಉತ್ತರ. ಆದರೆ ಬಸ್ಸಿನಿಂದ ಇಳಿಯುವ ಮೊದಲೇ 1912ರ ಕಥೆ ಹೇಳಿಬಿಡಿ. ಇಳಿದ ಮೇಲೆ ಯಾರೂ ಕೇಳುವುದಿಲ್ಲ. 2013ರಲ್ಲಿ ಇಲ್ಲೇ ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು, ಅದನ್ನು ಹೆಣ್ಣುಮಕ್ಕಳಿಗೆ ಖಂಡಿತ ಹೇಳಿ. ಶುಭಕಾರ್ಯದಲ್ಲಿ ವಿಧವೆ ಎದುರು ಬರಬಾರದು ಅನ್ನುವ ಮನೆಗಳಿಂದಲೇ ಎಷ್ಟೋ ಮಕ್ಕಳು ಬಂದಿರುತ್ತಾರೆ.

ಬೀದರ್ ಜಿಲ್ಲೆಯ ಮಾಸ್ತರ್

ಮೇಡಂ ಅವರ, ನಾವ್ ಪ್ರತಿ ವರ್ಷ ಬಸವಕಲ್ಯಾಣಕ್ಕ ಕರ್ಕೊಂಡು ಹೋಗ್ತೀವ್ರಿ. ನಮಗ ಹತ್ರ ಅದ. ಒಂದ್ ಮಾತ್ ಹೇಳ್ತೀನಿ, ಬಸವಣ್ಣನ ದೊಡ್ಡ ಮೂರ್ತಿ ಮುಂದ ನಿಂತ್ರ ಹುಡುಗರು ತಲಿ ಎತ್ತಿ ನೋಡ್ತಾರ, ಎಷ್ಟ್ ಫೂಟ್ ಅದ ಅಂತ ಕೇಳ್ತಾರ, ನೂರಾ ಎಂಟು ಅಂತ ಬರ್ಕೊಂತಾರ, ಮುಗೀತು. ಅದೇ ಹುಡುಗರ್ನ ಹರಳಯ್ಯನ ಗವಿಗೆ ಕರ್ಕೊಂಡು ಹೋಗ್ರಿ, ಮಾತು ಬ್ಯಾರೇನ ಆಗ್ತದ.

ಗವಿ ಒಳಗ ಬಗ್ಗಿ ಹೋಗ್ಬೇಕ್ರಿ. ತಂಪು, ಕತ್ತಲು. ಅಲ್ಲಿ ಕುಂಡ್ರಿಸಿ ಹೇಳ್ತೀನಿ: ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು, ಇಬ್ಬರೂ ಶರಣರ ಮಕ್ಕಳು, ಮದುವಿ ಮಾಡಿದ್ರು. ಬಿಜ್ಜಳನ ರಾಜ್ಯದಾಗ ಅದಕ್ಕ ಎಳೆಹೂಟೆ ಶಿಕ್ಷಾ. ಆನಿ ಕಾಲಿಗೆ ಕಟ್ಟಿ ಎಳೆಸೂದು. ಹಿಂಗ ಹೇಳೂದು ಪರಂಪರಾದಾಗ ನಡಕೊಂಡು ಬಂದದ. ನಾನು ಹುಡುಗರಿಗೆ ಹನ್ನೆರಡನೇ ಶತಮಾನ ಅಂತ ಒತ್ತಿ ಹೇಳೂದಿಲ್ಲ. ಯಾಕಂದ್ರ ಅವರಿಗೆ ಪೇಪರಿನ್ಯಾಗ ಓದಿದ್ದು ತಾನೇ ನೆನಪಾಗ್ತದ. ಕಳೆದ ಸಲ ಒಬ್ಬಾಕಿ ಹುಡುಗಿ, ಸರ್ ಇದು ಈಗ್ಲೂ ನಡೀತದಲ್ರಿ ಅಂದ್ಲು. ಉಳಿದವರೆಲ್ಲ ಸುಮ್ಮನ. ಆಕಿ ಮನಿ ವಿಷಯ ನನಗ ಗೊತ್ತಿತ್ತು, ಅದಕ್ಕ ಹೂಂ ಅವ್ವ, ನಡೀತದ ಅಂತ ಅಂದೆ, ಮುಂದ ಏನೂ ಕೆದಕಲಿಲ್ಲ.

ಹಾಸನದಿಂದ ಕಲ್ಯಾಣ ಭಾಳ ದೂರ ಆಗ್ತದ, ಅದಕ್ಕ ನಿಮಗ ಮಂಗಳೂರೇ ಸೈ. ಆದ್ರ ಸಣ್ಣ ಜಾಗಾದಾಗ ಕುಂಡ್ರಿಸಿ ಮಾತಾಡೂದು ಮರಿಬ್ಯಾಡ್ರಿ.

ಪುಣೆಯಲ್ಲಿರುವ ಧಾರವಾಡದವಳು

ಬೀದರಿನ ಸರ್ ಹೇಳಿದ್ದು ಓದಿ ನಾನೂ ಬರೆಯದೆ ಇರಲಾಗಲಿಲ್ಲ. ನಾನು ಪುಣೆಯಲ್ಲಿ ಮನೆ ಮಾಡಿ ವರ್ಷಗಳಾದವು, ನೆಂಟರ ಮಕ್ಕಳು ರಜೆಗೆ ಬಂದರೆ ಶನಿವಾರವಾಡಾ ಜೊತೆಗೆ ಗಂಜ್ ಪೇಠದ ಫುಲೆ ವಾಡಾಕ್ಕೂ ಕರೆದುಕೊಂಡು ಹೋಗುತ್ತೇನೆ.

ಅಂಗಳದಲ್ಲಿ ಒಂದು ಬಾವಿ ಇದೆ. 1868ರಲ್ಲಿ ಜ್ಯೋತಿಬಾ ಆ ಬಾವಿಯನ್ನು ಅಸ್ಪೃಶ್ಯರು ಅಂತ ದೂರ ಇಟ್ಟವರಿಗೆ ತೆರೆದರು. ಸ್ವಂತ ಮನೆಯ ಬಾವಿ. ಮಕ್ಕಳು ಬಾಗಿ ಒಳಗೆ ನೋಡುತ್ತಾರೆ. ಮನೆಗೆ ಬಂದ ಮೇಲೆ ನನ್ನ ತಂಗಿಯ ಮಗ, ದೊಡ್ಡಮ್ಮ, ನಮ್ಮ ಊರಲ್ಲಿ ಬೇರೆ ಕೇರಿಯವರು ಯಾವ ನಲ್ಲಿಯಿಂದ ನೀರು ತರುತ್ತಾರೆ ಅಂತ ಕೇಳಿದ. ಅವನಿಗೆ ನಾನು ಅದನ್ನು ಕೇಳು ಅಂತ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಕಡೆ, ಬುಧವಾರ ಪೇಠದ ಭಿಡೆ ವಾಡಾ, ದಗ್ಡೂಶೇಟ್ ಗಣಪತಿಯ ಎದುರಿಗೆ. 1848ರಲ್ಲಿ ಸಾವಿತ್ರಿಬಾಯಿ, ಜ್ಯೋತಿಬಾ ಹೆಣ್ಣುಮಕ್ಕಳ ಶಾಲೆ ತೆರೆದ ಜಾಗ. ಹಳೇ ಕಟ್ಟಡ ವರ್ಷಾನುಗಟ್ಟಲೆ ಪಾಳು ಬಿದ್ದು, ಕೋರ್ಟು ವ್ಯಾಜ್ಯ ಮುಗಿದು, 2023ರ ಡಿಸೆಂಬರಿನಲ್ಲಿ ಸ್ಮಾರಕ ಕಟ್ಟಲು ಕೆಡವಿದರು. ದಿನಾ ಸಾವಿರಾರು ಜನ ಎದುರಿನ ಗಣಪತಿಗೆ ಕೈ ಮುಗಿದು ಹೋಗುತ್ತಿದ್ದ ಬೀದಿಯಲ್ಲಿ, ಈ ದೇಶದ ಹೆಣ್ಣುಮಕ್ಕಳು ಮೊದಲು ಸ್ಲೇಟು ಹಿಡಿದ ಜಾಗಗಳಲ್ಲೊಂದು ಅಷ್ಟು ವರ್ಷ ಪಾಳುಬಿದ್ದಿತ್ತು. ನನಗೆ ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಮಕ್ಕಳಿಗೂ ಆ ಸಿಟ್ಟು ಬರಲಿ ಅಂತಲೇ ಅಲ್ಲಿ ನಿಲ್ಲಿಸಿ ಹೇಳುತ್ತೇನೆ.

ಕರಾವಳಿಯ ನಂಟು ಇರುವ ಇನ್ನೊಬ್ಬರ ಮಾತು: ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಎದುರಿಸಿದವರು ಆ ತಂದೆ. ಮಗಳು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಆಮೇಲೆ ಪುಣೆಗೆ, ಕಡೆಗೆ ಕೇಡಗಾಂವ್‌ಗೆ. ಮೇಡಂ, ನಿಮ್ಮ ಬಸ್ಸು ಘಟ್ಟ ಇಳಿಯುವಾಗ ಇವರ ಕಥೆ ಹೇಳಿ. ಕಿಟಕಿಯ ಹೊರಗೆ ಕಾಣುವುದು ಅದೇ ಘಟ್ಟದ ಸಾಲು.

ನಿವೃತ್ತ ಮುಖ್ಯೋಪಾಧ್ಯಾಯ, ಶಿವಮೊಗ್ಗ

ಎಲ್ಲರದ್ದೂ ಓದಿದೆ. ಇನ್ನು ಕೆಲಸದ ಮಾತು. ಬಿಇಒ ಕಚೇರಿಗೆ ಅನುಮತಿ ಅರ್ಜಿ ಬೇಗ ಕೊಡಿ, ಸ್ಥಳಗಳ ಪಟ್ಟಿಯಲ್ಲಿ ಈ ಜಾಗಗಳ ಹೆಸರನ್ನು ಪಾಠದ ಹೆಸರಿನ ಜೊತೆಗೇ ಬರೆಯಿರಿ. ಆಗ ಯಾರೂ ಇದು ಯಾಕೆ ಅಂತ ಕೇಳುವುದಿಲ್ಲ. ಕೆಎಸ್ಸಾರ್ಟಿಸಿ ಬಸ್ಸನ್ನೇ ಮಾಡಿ. ಸಮಾಧಿ ಸ್ಥಳಕ್ಕೆ ಹೋಗುವ ಮೊದಲು ಯಾರಾದರೂ ಒಬ್ಬರು ಹೋಗಿ ಬಾಗಿಲು, ಬೀಗ, ಶೌಚಾಲಯ ನೋಡಿಕೊಂಡು ಬರಲಿ. ಹೆಣ್ಣುಮಕ್ಕಳಿರುವ ಪ್ರವಾಸದಲ್ಲಿ ಶೌಚಾಲಯ ಗೊತ್ತಿಲ್ಲದೆ ಹೊರಡಬಾರದು.

ಪ್ರವಾಸದ ವರದಿ ಅಂತ ಎಲ್ಲರೂ ಒಂದೇ ಒಕ್ಕಣೆಯಲ್ಲಿ ಬರೆಯುವುದನ್ನು ಬಿಡಿಸಿ. ನಾವು ಬೆಳಿಗ್ಗೆ ಆರು ಗಂಟೆಗೆ ಹೊರಟೆವು, ತಿಂಡಿ ತಿಂದೆವು, ನೋಡಿ ಆನಂದಿಸಿದೆವು! ನನ್ನ ಸೇವೆಯ ಉದ್ದಕ್ಕೂ ಇದನ್ನು ಓದಿ ಓದಿ ಬೇಸತ್ತಿದ್ದೇನೆ. ಬದಲಿಗೆ ಮಕ್ಕಳು ಊರಿಗೆ ಬಂದ ಮೇಲೆ ಮನೆಯ ಹಿರಿಯರೊಬ್ಬರನ್ನು ಕೂರಿಸಿ ಕೇಳಲಿ: ನಿಮ್ಮ ಕಾಲದಲ್ಲಿ ನಮ್ಮೂರ ಶಾಲೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಹೋಟೆಲಿನಲ್ಲಿ ಲೋಟ ಬೇರೆ ಇತ್ತೇ, ಅಜ್ಜಿಗೆ ಓದು ಯಾವ ತರಗತಿಗೆ ನಿಂತಿತು, ಯಾಕೆ ನಿಂತಿತು? ಅಜ್ಜಿ ಒಂದು ಉತ್ತರ ಕೊಟ್ಟರೆ ಮಗು ಆ ಪಾಠವನ್ನು ಜೀವಮಾನದಲ್ಲಿ ಮರೆಯುವುದಿಲ್ಲ. ಹೇಳಲು ಇಷ್ಟವಿಲ್ಲದ ಮನೆಯವರನ್ನು ಒತ್ತಾಯಿಸಬೇಡಿ, ಬರೆದದ್ದನ್ನು ತರಗತಿಯಲ್ಲಿ ಓದಿಸಲೂಬೇಡಿ.

ಉಡುಪಿ ಕಡೆಯ ಸಮಾಜಕಾರ್ಯ ವಿದ್ಯಾರ್ಥಿನಿ

ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. 1892, 1897, 1912 ಅಂತ ಇಸವಿ ಹೇಳುತ್ತಾ ಹೋದರೆ ಇದೆಲ್ಲ ಮುಗಿದ ಕಥೆ ಅಂತ ಮಕ್ಕಳು ತಿಳಿಯುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಕೊರಗ ಸಮುದಾಯವನ್ನು ಅಮಾನವೀಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ಇತ್ತಲ್ಲ, ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ರಂಗರಾಯರ ಮೊದಲ ಶಾಲೆಯಾಗಿ ನೂರು ವರ್ಷ ಕಳೆದ ಮೇಲೆ! ಈ ಎರಡು ಇಸವಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ ಮೇಡಂ. ಮಹಾರಾಷ್ಟ್ರದ ಮಹಾಡ ಊರಿನ ಚವದಾರ್ ಕೆರೆಯದೂ ಹೀಗೇ ಅಲ್ಲವೇ? 1923ರಲ್ಲಿ ಮುಂಬೈ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ನಿರ್ಣಯ ಮಾಡಿತ್ತು, ಆ ಊರಿನ ಪುರಸಭೆಯೂ ಒಪ್ಪಿತ್ತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಮುಟ್ಟಬೇಕಾಯಿತು, ಮುಟ್ಟಿದ್ದಕ್ಕೆ ಜನ ಪೆಟ್ಟು ತಿಂದರು. ಕಾಗದದ ಮೇಲೆ ಬಂದದ್ದಕ್ಕೂ ಕೇರಿಗೆ ತಲುಪಿದ್ದಕ್ಕೂ ನಡುವೆ ಎಷ್ಟು ದೂರ ಇರುತ್ತದೆ ಅನ್ನುವುದೇ ಸುಧಾರಣೆಯ ಇತಿಹಾಸದಲ್ಲಿ ನಾವು ಕಲಿಯಬೇಕಾದ ಮುಖ್ಯ ಪಾಠ ಅಂತ ನನಗೆ ಅನ್ನಿಸುತ್ತದೆ.

ಒಂದು ಕೇಳಿಕೆ: ದಯವಿಟ್ಟು ಕೊರಗರ ಕಾಲೋನಿಗೆ ಮಕ್ಕಳನ್ನು ನೋಡಲು ಕರೆದುಕೊಂಡು ಹೋಗಬೇಡಿ. ಜನ ಪ್ರದರ್ಶನಕ್ಕಿಲ್ಲ. ಕಾಯ್ದೆಯ ವಿಷಯ ತರಗತಿಯಲ್ಲೇ ಮಾತಾಡಿ.

ಹಾಸನದ ಸಮಾಜ ವಿಜ್ಞಾನ ಶಿಕ್ಷಕಿ

ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ಚಾಮರಾಜನಗರದ ತಮ್ಮಾ, ನೀನು ಬರೆದದ್ದನ್ನು ನಮ್ಮ ಶಾಲೆಯ ಎಲ್ಲ ಶಿಕ್ಷಕರಿಗೂ ಓದಿ ಹೇಳಿದೆ. ಯಾವ ಮಗುವಿನ ಕಡೆಗೂ ಬೆರಳು ತೋರುವುದಿಲ್ಲ, ಮಾತು ಕೊಡುತ್ತೇನೆ.

ಈಗ ಅಂದುಕೊಂಡಿರುವುದು ಹೀಗಿದೆ. ಹೊರಡುವ ವಾರದಲ್ಲಿ ತರಗತಿಯಲ್ಲಿ 1892 ಮತ್ತು 2000 ಎರಡೂ ಇಸವಿ ಬೋರ್ಡಿಗೆ. ಘಟ್ಟ ಇಳಿಯುವಾಗ ರಮಾಬಾಯಿ. ಬೆಳಿಗ್ಗೆ ಮೊದಲು ಬಾಬುಗುಡ್ಡೆ, ಅಲ್ಲಿ ಕೂತು ಮಾತು, ಆ ತಾಯಂದಿರ ಬಗ್ಗೆಯೂ. ಆಮೇಲೆ ಬಸ್ಸಿನಲ್ಲೇ 1912ರ ಕಥೆ, ಕುದ್ರೋಳಿ, ಅಲ್ಲೇ ಊಟ. ಸಂಜೆ ಸಮುದ್ರ, ತುಮಕೂರಿನ ಅಣ್ಣ ಹೇಳಿದಂತೆ ಅದಕ್ಕೆ ಗಡಿಬಿಡಿ ಮಾಡುವುದಿಲ್ಲ. ಬಾಸೆಲ್ ಮಿಷನ್ನಿನ ಬಲ್ಮಠವನ್ನೂ ಸೇರಿಸಬೇಕು ಅನ್ನುವ ಆಸೆ ಇತ್ತು, 1843ರ ಮಂಗಳೂರ ಸಮಾಚಾರ ಪತ್ರಿಕೆಯ ಊರಲ್ಲವೇ, ಆದರೆ ಒಂದೇ ದಿನಕ್ಕೆ ತುಂಬಿದರೆ ಯಾವುದೂ ಉಳಿಯುವುದಿಲ್ಲ ಅನ್ನಿಸಿ ಬಿಟ್ಟೆ.

ಉರ್ವಾದ ಸರ್, ಕುದ್ರೋಳಿಯಲ್ಲಿ ಮಧ್ಯಾಹ್ನ ಅನ್ನದಾನಕ್ಕೆ ಇಷ್ಟು ಮಕ್ಕಳು ಬರುತ್ತಾರೆ ಅಂತ ಮೊದಲೇ ತಿಳಿಸಬೇಕೇ?

ಮಂಗಳೂರಿನವ, ಉರ್ವಾ

ಹೌದು ಮೇಡಂ, ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಅಂತ ಮೊದಲೇ ಆಫೀಸಿಗೆ ತಿಳಿಸಿದರೆ ಒಳ್ಳೆಯದು. ನೀವು ದಿನಾಂಕ ಗೊತ್ತು ಮಾಡಿ ಇಲ್ಲೇ ಹಾಕಿ, ನಾನೇ ಹೋಗಿ ಹೇಳಿ ಬರುತ್ತೇನೆ. ಬಾಬುಗುಡ್ಡೆಯ ಗೇಟು, ನೀರು, ಶೌಚಾಲಯ ಎಲ್ಲ ಹಿಂದಿನ ದಿನ ನೋಡಿಡುತ್ತೇನೆ. ಮಕ್ಕಳ ಜೊತೆ ನಾನೂ ಇರುತ್ತೇನೆ.

ಒಬ್ಬ ಪೋಷಕ, ತುಮಕೂರು

ದಿನಾಂಕ ಭಾನುವಾರ ಬಂದರೆ ನನಗೂ ತಿಳಿಸಿ ಮೇಡಂ. ಮಗಳನ್ನು ಕರೆದುಕೊಂಡು ನಮ್ಮ ಖರ್ಚಿನಲ್ಲೇ ಮಂಗಳೂರಿಗೆ ಬರುತ್ತೇವೆ, ಬಾಬುಗುಡ್ಡೆಯಲ್ಲಿ ನಿಮ್ಮ ಮಕ್ಕಳ ಜೊತೆ ಸೇರಿಕೊಳ್ಳಬಹುದೇ?